ಎರಡನೇ ಸಲ ಒತ್ತಿದರೆ ಏನಾಗುತ್ತೆ?

ನಾವು ಸಾಮಾನ್ಯವಾಗಿ ಜೀನ್, ಪ್ರೋಟೀನ್, ಬ್ಯಾಕ್ಟೀರಿಯಾ ಅಂತ ಮಾತಾಡೋರು. ಇವತ್ತು ಶುರುಮಾಡೋದು ಸಾಫ್ಟ್‌ವೇರ್‌ನಿಂದ. ಅರ್ಧ ದಾರಿಯಲ್ಲಿ ಜೀವಕೋಶದ ಒಳಗೂ ಹೋಗಿ ಬರ್ತೀವಿ, ಯಾಕಂದ್ರೆ ಇಬ್ಬರ ಕಷ್ಟವೂ ಒಂದೇ.

ನೀವು ಊರಿಗೆ ದುಡ್ಡು ಕಳಿಸಿದಾಗ, ವಿಮಾನದ ಟಿಕೆಟ್ ತೆಗೆದಾಗ, ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಆ ಕೆಲಸವನ್ನು ಒಂದೇ ಕಂಪ್ಯೂಟರ್ ಮಾಡೋದಿಲ್ಲ. ನಿಮ್ಮ ಆ್ಯಪ್ ಒಂದು ಕಡೆ, ನಿಮ್ಮ ಬ್ಯಾಂಕಿನ ಸರ್ವರ್ ಇನ್ನೊಂದು ಕಡೆ, ನಡುವೆ ಸಂದೇಶ ಸಾಗಿಸುವ ಸಂಸ್ಥೆ ಮತ್ತೊಂದು ಕಡೆ, ದುಡ್ಡು ಸೇರಬೇಕಾದ ಬ್ಯಾಂಕು ಮಗದೊಂದು ಕಡೆ. ಒಬ್ಬರ ಸಾಫ್ಟ್‌ವೇರ್ ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರೂ ಪತ್ರ ಬರೆದುಕೊಂಡ ಹಾಗೆ ಸಂದೇಶ ಕಳಿಸಿಕೊಂಡು ಕೆಲಸ ಮುಗಿಸಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಪ್ರತಿಯೊಂದು ಸೇವೆಯೂ ಸಾವಿರದಲ್ಲಿ 999 ಸಲ ಸರಿಯಾಗಿ ಕೆಲಸ ಮಾಡುತ್ತೆ ಅಂತ ಇಟ್ಕೊಳ್ಳೋಣ. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ವ್ಯವಹಾರ ಮುಗಿಯೋಕೆ ಇಂಥ ಹತ್ತು ಸೇವೆಗಳು ಸಾಲಾಗಿ ಕೆಲಸ ಮಾಡಬೇಕಾದರೆ, ಕೊನೆಗೆ ಸಾವಿರದಲ್ಲಿ ಸರಿಯಾಗೋದು ಸುಮಾರು 990 ಮಾತ್ರ. ಹತ್ತು ವ್ಯವಹಾರ ನಡುದಾರಿಯಲ್ಲಿ ನಿಂತುಹೋಗುತ್ತೆ. ಭಾರತದ ಯುಪಿಐ ಜಾಲದಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿದೆ. ಅಂಥ ಕಡೆ ನೂರಕ್ಕೆ ಒಂದು ಅಂದ್ರೆ ಎಷ್ಟು ಜನ, ನೀವೇ ಲೆಕ್ಕ ಹಾಕಿ.

ಹಾಗಾದರೆ ಪ್ರಶ್ನೆ ಇದು. ಬಿಡಿ ಭಾಗಗಳು ಆಗಾಗ ಕೈಕೊಡುತ್ತವೆ ಅಂತ ಗೊತ್ತಿದ್ದೂ, ಒಟ್ಟು ಕೆಲಸ ಕೈಕೊಡದ ಹಾಗೆ ಕಟ್ಟೋದು ಹೇಗೆ?

ಡಾಲ್ಮೆಲ್ಲಿಂಗ್ಟನ್‌ನ ಎಂಟು ಸಾವಿರ ಪೌಂಡ್

ಸ್ಕಾಟ್ಲೆಂಡಿನ ಈಸ್ಟ್ ಏರ್‌ಶೈರ್‌ನಲ್ಲಿ ಡಾಲ್ಮೆಲ್ಲಿಂಗ್ಟನ್ ಅಂತ ಒಂದು ಸಣ್ಣ ಊರಿದೆ. ಬ್ರಿಟನ್ನಿನಲ್ಲಿ ಅಂಚೆ ಕಚೇರಿ ಇಲ್ಲದ ಹಳ್ಳಿಗಳಿಗೆ ಹತ್ತಿರದ ಶಾಖೆಯವರೇ ವಾರಕ್ಕೆ ಕೆಲವು ಗಂಟೆ ಹೋಗಿ ಕೌಂಟರ್ ತೆರೆಯುವ ಪದ್ಧತಿ ಇದೆ. ಹೋಗುವಾಗ ಮುಖ್ಯ ಶಾಖೆಯಿಂದ ನಗದನ್ನು ಒಂದು ಚೀಲದಲ್ಲಿ ಹಾಕಿ, ಮೊಹರು ಮಾಡಿ ಒಯ್ಯುತ್ತಾರೆ. ಚೀಲದ ಮೇಲೆ ಬಾರ್‌ಕೋಡ್, ಅದರಲ್ಲಿ ಆ ಚೀಲದ್ದೇ ಆದ ಒಂದು ಸಂಖ್ಯೆ. ಹಳ್ಳಿ ತಲುಪಿದ ಮೇಲೆ ಸ್ಕ್ಯಾನ್ ಮಾಡಿದರೆ, "ದುಡ್ಡು ಇಲ್ಲಿಗೆ ಬಂತು" ಅಂತ ಕಂಪ್ಯೂಟರ್ ಬರೆದುಕೊಳ್ಳಬೇಕು.

2015ರ ಅಕ್ಟೋಬರ್‌ನಲ್ಲಿ ಈ ಶಾಖೆಯವರು ಹೀಗೆ 8,000 ಪೌಂಡ್ ಚೀಲವನ್ನು ಸ್ಕ್ಯಾನ್ ಮಾಡಿ ಎಂಟರ್ ಒತ್ತಿದರು. ಪರದೆ ಮುಂದಕ್ಕೆ ಹೋಗಲಿಲ್ಲ. ನಾವು ನೀವು ಏನು ಮಾಡ್ತಿದ್ವಿ? ಇನ್ನೊಂದು ಸಲ ಒತ್ತುತ್ತಿದ್ವಿ. ಅವರೂ ಅದನ್ನೇ ಮಾಡಿದರು. ಆಗಲೂ ಪರದೆ ಅಲ್ಲೇ ನಿಂತಿತ್ತು. ಮತ್ತೆ ಒತ್ತಿದರು. ಹೊರಗೆ ಏನೂ ಕಾಣದಿದ್ದರೂ ಒಳಗೆ ಪ್ರತಿ ಒತ್ತಿಗೂ ಕಂಪ್ಯೂಟರ್ ಹೊಸದಾಗಿ 8,000 ಪೌಂಡ್ ಬಂತು ಅಂತ ಬರೆದುಕೊಂಡಿತ್ತು. ಚೀಲದಲ್ಲಿ 8,000, ಲೆಕ್ಕದಲ್ಲಿ 32,000. ಅಂದ್ರೆ ಪುಸ್ತಕದ ಪ್ರಕಾರ 24,000 ಪೌಂಡ್ ಮಾಯ.

ಈ ಸಾಫ್ಟ್‌ವೇರ್‌ನ ಹೆಸರು ಹೊರೈಜನ್. ಫುಜಿತ್ಸು ಕಂಪನಿ ನಡೆಸುತ್ತಿದ್ದ, ಬ್ರಿಟನ್ನಿನ ಪೋಸ್ಟ್ ಆಫೀಸ್ 1999ರಿಂದ ದೇಶದ ತುಂಬ ಹಾಕಿದ ವ್ಯವಸ್ಥೆ. ಈ ದೇಶದಲ್ಲಿರುವ ಕೇಳುಗರಿಗೆ ಹೆಸರು ಕೇಳಿದ ಕೂಡಲೇ ಗೊತ್ತಾಗಿರುತ್ತೆ. ಡಾಲ್ಮೆಲ್ಲಿಂಗ್ಟನ್‌ನಲ್ಲಿ ತಪ್ಪು ಪತ್ತೆಯಾಯಿತು. ಹುಡುಕಿದಾಗ ಅದೇ ಬಗೆಯ ತಪ್ಪು 2010ರಿಂದ 2015ರವರೆಗೆ 112 ಸಲ ಆಗಿತ್ತು ಅನ್ನೋದೂ ಹೊರಬಂತು. ಹೆಚ್ಚಿನವನ್ನು ಆಗಾಗಲೇ ಸರಿಪಡಿಸಿದ್ದರು, ಆದರೆ ತಪ್ಪಿನ ಮೂಲ ಹಾಗೇ ಉಳಿದಿತ್ತು. ಹೊರೈಜನ್‌ನ ಇತರ ದೋಷಗಳಿಂದ ಎಷ್ಟೋ ಜನರ ಬಾಳು ಹಾಳಾಯಿತು. ಆ ಮಾತಿಗೆ ಆಮೇಲೆ ಬರೋಣ. ಮೊದಲು ಈ ಒಂದು ಒತ್ತಿನ ಹಿಂದೆ ಇರುವ ವಿಜ್ಞಾನ ನೋಡೋಣ.

ಉತ್ತರ ಬರದಿದ್ದರೆ ಏನು ಅರ್ಥ?

ಒಂದು ಕಂಪ್ಯೂಟರ್ ಇನ್ನೊಂದಕ್ಕೆ "ನೂರು ರೂಪಾಯಿ ಜಮಾ ಮಾಡು" ಅಂತ ಕೇಳುತ್ತೆ. ಉತ್ತರ ಬರಲಿಲ್ಲ. ಇದಕ್ಕೆ ಮೂರು ಕಾರಣ ಇರಬಹುದು. ಕೇಳಿದ ಮಾತೇ ತಲುಪದೆ ಇರಬಹುದು. ತಲುಪಿದೆ, ಆದರೆ ಕೆಲಸ ಇನ್ನೂ ಮುಗಿದಿಲ್ಲ ಅಂತಲೂ ಇರಬಹುದು. ಅಥವಾ ಕೆಲಸ ಮುಗಿದು, "ಆಯ್ತು" ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಕೇಳಿದವನ ಕಡೆಯಿಂದ ನೋಡಿದರೆ ಈ ಮೂರಕ್ಕೂ ವ್ಯತ್ಯಾಸವೇ ಇಲ್ಲ. ಮೂರರಲ್ಲೂ ಕಾಣೋದು ಮೌನ ಒಂದೇ.

ಇನ್ನೊಂದಿಷ್ಟು ಸಂದೇಶ ಕಳಿಸಿ ಇದನ್ನು ಬಗೆಹರಿಸಬಹುದಲ್ವಾ ಅಂತ ಅನ್ನಿಸುತ್ತೆ. ಆಗೋದಿಲ್ಲ. 1975ರಲ್ಲಿ ಮೂವರು ಸಂಶೋಧಕರು ಬರೆದ ಒಂದು ಪ್ರಬಂಧದಲ್ಲಿ ಇದು ಬಂತು, 1978ರಲ್ಲಿ ಜಿಮ್ ಗ್ರೇ ಇದಕ್ಕೆ "ಇಬ್ಬರು ಸೇನಾಪತಿಗಳ ಸಮಸ್ಯೆ" ಅಂತ ಹೆಸರು ಕೊಟ್ಟರು. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಗೆಲುವು, ಒಬ್ಬರೇ ಹೋದರೆ ಸೋಲು. ಒಬ್ಬ ಸೇನಾಪತಿ "ನಾಳೆ ಬೆಳಗ್ಗೆ" ಅಂತ ದೂತನನ್ನು ಕಳಿಸುತ್ತಾನೆ. ದೂತ ಸಿಕ್ಕಿಬಿದ್ದಿರಬಹುದು, ಹಾಗಾಗಿ ಮರು ಉತ್ತರ ಬೇಕು. ಉತ್ತರ ತಂದವನು ತಲುಪಿದನೋ ಇಲ್ಲವೋ ಅಂತ ಎರಡನೆಯವನಿಗೆ ಅನುಮಾನ, ಅದಕ್ಕೂ ಉತ್ತರ ಬೇಕು. ಹೀಗೆ ಎಷ್ಟು ಸಲ ದೂತ ಓಡಾಡಿದರೂ ಕಟ್ಟಕಡೆಯ ಸಂದೇಶ ಕಳಿಸಿದವನಿಗೆ ಅದು ಮುಟ್ಟಿತೋ ಇಲ್ಲವೋ ಗೊತ್ತಿರೋದಿಲ್ಲ. ದಾರಿ ಭರವಸೆಯದ್ದಲ್ಲ ಅಂದಮೇಲೆ ಇಬ್ಬರಿಗೂ ಪೂರ್ತಿ ಖಾತ್ರಿ ಕೊಡುವ ಕ್ರಮ ಯಾವುದೂ ಇಲ್ಲ ಅಂತ ಗಣಿತದಿಂದಲೇ ತೋರಿಸಬಹುದು. ಎಷ್ಟೇ ವೇಗದ ಇಂಟರ್ನೆಟ್ ಬಂದರೂ ಇದು ಬದಲಾಗೋದಿಲ್ಲ.

ಹಿಂದೆ ಮನಿ ಆರ್ಡರ್ ಕಳಿಸುತ್ತಿದ್ದವರಿಗೆ ಈ ತಳಮಳ ಚೆನ್ನಾಗಿ ಗೊತ್ತು. ದುಡ್ಡು ಪಡೆದವರು ಸಹಿ ಹಾಕಿದ ಸ್ವೀಕೃತಿ ಚೀಟಿ ವಾಪಸ್ ಬರಬೇಕಿತ್ತು. ಚೀಟಿ ಬರಲಿಲ್ಲ ಅಂದ್ರೆ ದುಡ್ಡು ಮುಟ್ಟಿಲ್ಲವೋ, ಚೀಟಿ ಮಾತ್ರ ಕಳೆಯಿತೋ? ಅದನ್ನು ತಿಳಿಯೋಕೆ ಇನ್ನೊಂದು ಕಾಗದ ಬರೀಬೇಕಿತ್ತು.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ಸರಳ. ಖಾತ್ರಿ ಸಿಗೋದಿಲ್ಲ ಅಂತ ಒಪ್ಪಿಕೊಂಡು, ಉತ್ತರ ಬರುವವರೆಗೂ ಮತ್ತೆ ಮತ್ತೆ ಕೇಳು. ಆದರೆ ಎಷ್ಟು ಸಲ ಕೇಳಿದರೂ ಕೆಲಸ ಒಂದೇ ಸಲ ಆಗುವ ಹಾಗೆ ನೋಡಿಕೋ. ಈ ಗುಣಕ್ಕೆ ಐಡೆಂಪೊಟೆನ್ಸ್ ಅಂತ ಹೆಸರು, 1870ರಲ್ಲಿ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಬೀಜಗಣಿತಕ್ಕಾಗಿ ಮಾಡಿಕೊಂಡ ಪದ. ಲಿಫ್ಟಿನ ಗುಂಡಿ ನೆನಪಿಸಿಕೊಳ್ಳಿ. ಒಂದು ಸಲ ಒತ್ತಿದರೂ ಹತ್ತು ಸಲ ಒತ್ತಿದರೂ ಲಿಫ್ಟ್ ಬರೋದು ಒಂದೇ ಸಲ. "ಖಾತೆಯಲ್ಲಿ ಐನೂರು ಇರಲಿ" ಅನ್ನೋ ಆಜ್ಞೆ ಈ ಜಾತಿಯದ್ದು. "ಖಾತೆಗೆ ಐನೂರು ಸೇರಿಸು" ಅನ್ನೋದು ಅಲ್ಲ, ಎರಡು ಸಲ ಹೇಳಿದರೆ ಸಾವಿರ ಆಗುತ್ತೆ.

ಸೇರಿಸುವ ಕೆಲಸವನ್ನೂ ಈ ಜಾತಿಗೆ ತರಬಹುದು. ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಡಬೇಕು. ಚೆಕ್ ನೋಡಿ. ಒಂದು ನಂಬರಿನ ಚೆಕ್ ಒಂದೇ ಸಲ ನಗದಾಗುತ್ತೆ, ಅದನ್ನೇ ಮತ್ತೆ ತಂದರೆ ಗುಮಾಸ್ತರು "ಇದು ಆಗಲೇ ಪಾಸಾಗಿದೆ" ಅಂತಾರೆ. ಸಾಫ್ಟ್‌ವೇರ್‌ನಲ್ಲೂ ಹಾಗೇ. ಈ ಸಂಖ್ಯೆಯ ಕೆಲಸ ಮುಗಿದಿದೆಯಾ ಅಂತ ಮೊದಲು ನೋಡು, ಮುಗಿದಿದ್ದರೆ ಹಳೆಯ ಉತ್ತರವನ್ನೇ ಕೊಡು, ಇಲ್ಲದಿದ್ದರೆ ಮಾತ್ರ ಮಾಡು. ಒಂದು ಸೂಕ್ಷ್ಮ ಇದೆ. ಸಂಖ್ಯೆ ಹುಟ್ಟಬೇಕಾದ್ದು ಕೇಳುವವನ ಕಡೆ, ಮೊದಲ ಸಲ ಕೇಳೋಕೆ ಮುಂಚೆ. ಪ್ರತಿ ಒತ್ತಿಗೂ ಹೊಸ ಸಂಖ್ಯೆ ಹುಟ್ಟಿದರೆ ಪ್ರಯೋಜನವಿಲ್ಲ.

ಈಗ ಡಾಲ್ಮೆಲ್ಲಿಂಗ್ಟನ್‌ನ ಚೀಲ ನೋಡಿ. ಅದರ ಮೇಲೆ ಸಂಖ್ಯೆ ಇತ್ತು! ಒಂದೇ ಸಂಖ್ಯೆಯ ಚೀಲ ನಾಲ್ಕು ಸಲ ಬರೋಕೆ ಸಾಧ್ಯವಿಲ್ಲ ಅಂತ ಕಂಪ್ಯೂಟರ್ ತಡೆಯಬಹುದಿತ್ತು. ಬೇಕಾದ ಮಾಹಿತಿ ಎಲ್ಲ ಕೈಯಲ್ಲೇ ಇತ್ತು. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೇ.

ಜೀವಕೋಶದ ಪರವಾನಗಿ ಪತ್ರ

ಈಗ ನಮ್ಮ ಮನೆಗೆ ಬನ್ನಿ, ಅಂದ್ರೆ ಜೀವಕೋಶಕ್ಕೆ. ನಿಮ್ಮ ಒಂದು ಕೋಶ ಎರಡಾಗೋಕೆ ಮುಂಚೆ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎಯನ್ನು ನಕಲು ಮಾಡಬೇಕು. ಒಂದು ತುದಿಯಿಂದ ಶುರುಮಾಡಿದರೆ ದಿನಗಟ್ಟಲೆ ಬೇಕು. ಅದಕ್ಕೇ ಕೋಶ 30,000ದಿಂದ 50,000 ಜಾಗಗಳಲ್ಲಿ ನಕಲು ಶುರುಮಾಡುತ್ತೆ. ಎಲ್ಲವೂ ಒಂದೇ ಕ್ಷಣಕ್ಕೆ ಅಲ್ಲ, ಕೆಲವು ಬೇಗ, ಕೆಲವು ತಡ. ಹೀಗೆ ಸುಮಾರು ಎಂಟು ಗಂಟೆಯಲ್ಲಿ ಕೆಲಸ ಮುಗಿಯುತ್ತೆ.

ಕಷ್ಟ ಎಲ್ಲಿದೆ ನೋಡಿ. ಪ್ರತಿ ತುಣುಕೂ ಒಂದು ಸಲ ನಕಲಾಗಲೇಬೇಕು, ಎರಡು ಸಲ ಆಗಬಾರದು. ಬಿಟ್ಟುಹೋದರೆ ಮಗಳು ಕೋಶಕ್ಕೆ ಜೀನ್ ಕಡಿಮೆ. ಎರಡು ಸಲ ಆದರೆ ಡಿಎನ್‌ಎ ಒಡೆದು ಹಾನಿ. ಎಲ್ಲೆಲ್ಲಿ ಆಯ್ತು ಅಂತ ಬರೆದಿಡುವ ಮೇಲ್ವಿಚಾರಕ ಅಲ್ಲಿ ಯಾರೂ ಇಲ್ಲ.

1988ರಲ್ಲಿ ಕೇಂಬ್ರಿಜ್‌ನಲ್ಲಿ ಜೂಲಿಯನ್ ಬ್ಲೋ ಮತ್ತು ರಾನ್ ಲಾಸ್ಕಿ ಒಂದು ಊಹೆ ಮುಂದಿಟ್ಟರು. ನಕಲು ಶುರುವಾಗೋಕೆ ಒಂದು ಪರವಾನಗಿ ಬೇಕು, ನಕಲಾದ ಕೂಡಲೇ ಆ ಪರವಾನಗಿ ಖರ್ಚಾಗಿಬಿಡುತ್ತೆ ಅಂತ. ಆಮೇಲೆ ಅದರ ಹಿಂದಿನ ಅಣುಗಳೂ ಸಿಕ್ಕವು. ಪರವಾನಗಿ ಅಂದ್ರೆ ಎಂಸಿಎಂ ಅನ್ನುವ, ಡಿಎನ್‌ಎ ಸುತ್ತ ಕೂರುವ ಪ್ರೋಟೀನ್ ಬಳೆ. ನಕಲು ಶುರುವಾಗೋಕೆ ಮುಂಚಿನ ಹಂತದಲ್ಲಿ ಮಾತ್ರ ಈ ಬಳೆ ತೊಡಿಸೋಕೆ ಸಾಧ್ಯ. ನಕಲಿನ ಹಂತ ಬಂದಮೇಲೆ ತೊಡಿಸುವ ಯಂತ್ರವನ್ನೇ ಕೋಶ ಬಂದ್ ಮಾಡುತ್ತೆ. ನಮ್ಮಂಥ ಪ್ರಾಣಿಗಳಲ್ಲಿ ಆ ಕೆಲಸಕ್ಕೆ ಜೆಮಿನಿನ್ ಅನ್ನುವ ಪ್ರೋಟೀನ್ ಕೂಡ ಇದೆ, 1998ರಲ್ಲಿ ಪತ್ತೆಯಾದದ್ದು. ನಕಲು ಶುರುವಾದಾಗ ಬಳೆ ಆ ಜಾಗ ಬಿಟ್ಟು ಮುಂದೆ ಸರಿಯುತ್ತೆ. ಪಕ್ಕದಿಂದ ಬಂದ ನಕಲು ಯಂತ್ರ ಆ ಜಾಗವನ್ನು ದಾಟಿಹೋದರೂ ಬಳೆ ಕಳಚಿಬೀಳುತ್ತೆ. ಹಾಗಾಗಿ ನಕಲಾದ ಡಿಎನ್‌ಎ ಮೇಲೆ ಪರವಾನಗಿ ಇರೋದೇ ಇಲ್ಲ. "ಶುರುಮಾಡು" ಅನ್ನುವ ಆಜ್ಞೆ ಎಷ್ಟು ಸಲ ಬಂದರೂ ಏನೂ ಆಗೋದಿಲ್ಲ. ಕೃಷಿ ಮಾಡಿದ ಕೋಶಗಳಲ್ಲಿ ಜೆಮಿನಿನ್ ತೆಗೆದುಹಾಕಿ ನೋಡಿದ್ದಾರೆ, ಕೆಲವು ಬಗೆಯ ಕೋಶಗಳಲ್ಲಿ ಡಿಎನ್‌ಎ ಮತ್ತೆ ಮತ್ತೆ ನಕಲಾಗಿ ಹಾನಿಯಾಗುತ್ತೆ.

ಪರವಾನಗಿ ಕೊಡುವ ಹೊತ್ತು ಬೇರೆ, ಬಳಸುವ ಹೊತ್ತು ಬೇರೆ ಅನ್ನೋದು ಇದರ ಗುಟ್ಟು. ಎರಡೂ ಒಟ್ಟಿಗೆ ನಡೆದರೆ ಎಣಿಕೆ ತಪ್ಪುತ್ತೆ. ಒಳ್ಳೆಯ ಪಾವತಿ ವ್ಯವಸ್ಥೆ ಕೂಡ ಮೊದಲು ಸಂಖ್ಯೆ ಕೊಡುತ್ತೆ, ಆಮೇಲೆ ಕೆಲಸ ಮಾಡುತ್ತೆ, ಬಳಸಿದ ಸಂಖ್ಯೆಯನ್ನು ಮತ್ತೆ ಒಪ್ಪೋದಿಲ್ಲ.

ಎಲ್ಲರೂ ಸಿದ್ಧವೇ?

ಇಲ್ಲಿಯವರೆಗೆ ಒಂದು ಹೆಜ್ಜೆಯ ಕೆಲಸ ನೋಡಿದ್ವಿ. ವ್ಯವಹಾರದಲ್ಲಿ ಹತ್ತು ಹೆಜ್ಜೆ ಇರುತ್ತೆ. ನಾಲ್ಕನೆಯದರಲ್ಲಿ ಕೆಟ್ಟರೆ ಮುಗಿದ ಮೂರನ್ನು ಏನು ಮಾಡೋದು?

ಒಂದು ದಾರಿ ಎಲ್ಲರನ್ನೂ ಮೊದಲೇ ಕೇಳೋದು. ಒಬ್ಬ ಮೇಲ್ವಿಚಾರಕ "ಸಿದ್ಧವೇ?" ಅಂತ ಎಲ್ಲ ಸೇವೆಗಳನ್ನೂ ಕೇಳುತ್ತಾನೆ. ಎಲ್ಲರೂ ಹೂಂ ಅಂದರೆ "ಮಾಡಿ" ಅಂತಾನೆ, ಒಬ್ಬರು ಊಹೂಂ ಅಂದರೂ "ಬಿಡಿ" ಅಂತಾನೆ. ಇದಕ್ಕೆ ಎರಡು ಹಂತದ ಒಪ್ಪಿಗೆ ಅನ್ನೋಣ. ಜೀವಕೋಶದಲ್ಲೂ ಇಂಥದ್ದೊಂದಿದೆ. ಕೋಶ ಎರಡಾಗುವಾಗ 46 ಕ್ರೋಮೋಸೋಮ್‌ಗಳಲ್ಲಿ ಒಂದಾದರೂ ಎಳೆಯುವ ದಾರಕ್ಕೆ ಸರಿಯಾಗಿ ಸಿಕ್ಕಿಲ್ಲ ಅಂದ್ರೆ, ಆ ಒಂದಕ್ಕಾಗಿ ಇಡೀ ಕೋಶ ಕಾಯುತ್ತೆ.

ತೊಂದರೆ ಇರೋದು ಕಾಯೋದರಲ್ಲೇ. "ಹೂಂ" ಅಂದವರು ತಮ್ಮ ಸರಕನ್ನು ಬೇರೆ ಯಾರಿಗೂ ಕೊಡದೆ ಹಿಡಿದಿಟ್ಟುಕೊಂಡಿರಬೇಕು. ಅಷ್ಟರಲ್ಲಿ ಮೇಲ್ವಿಚಾರಕನ ಕಂಪ್ಯೂಟರೇ ಕೆಟ್ಟರೆ ಎಲ್ಲರೂ ಹಾಗೇ ನಿಂತಿರಬೇಕು. ಒಂದೇ ಕಟ್ಟಡದ ಎರಡು ಡೇಟಾಬೇಸ್‌ಗಳಿಗೆ ಇದು ಸರಿ. ಒಂದು ವಿಮಾನ ಕಂಪನಿ, ಒಂದು ಹೋಟೆಲು, ಎರಡು ಬ್ಯಾಂಕು ಸೇರಿದ ಕಡೆ ಯಾರು ಯಾರಿಗಾಗಿ ಬೀಗ ಹಾಕಿಕೊಂಡು ಕಾಯುತ್ತಾರೆ? ಕೋಶ ಕೂಡ ಎಂದೆಂದಿಗೂ ಕಾಯೋದಿಲ್ಲ. ಬಹಳ ಹೊತ್ತಾದರೆ ಕೆಲವು ಕೋಶಗಳು ಸಾಯುತ್ತವೆ, ಕೆಲವು ಹಾಗೇ ಜಾರಿಕೊಂಡು ಮುಂದೆ ಹೋಗುತ್ತವೆ.

ಎರಡನೆಯ ದಾರಿಯನ್ನು 1987ರಲ್ಲಿ ಪ್ರಿನ್ಸ್‌ಟನ್‌ನ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಬರೆದಿಟ್ಟರು. ಅದರ ಹೆಸರು ಸಾಗಾ. ಉದ್ದದ ವ್ಯವಹಾರವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಇನ್ನೊಂದು ಹೆಜ್ಜೆಯನ್ನು ಮೊದಲೇ ಬರೆದಿಡಬೇಕು. ಟಿಕೆಟ್ ಕಾದಿರಿಸುವ ಹೆಜ್ಜೆಗೆ ರದ್ದುಮಾಡುವ ಹೆಜ್ಜೆ, ದುಡ್ಡು ತೆಗೆಯುವ ಹೆಜ್ಜೆಗೆ ವಾಪಸ್ ಹಾಕುವ ಹೆಜ್ಜೆ. ನಾಲ್ಕರಲ್ಲಿ ಕೆಟ್ಟರೆ ಮೂರು, ಎರಡು, ಒಂದು ಅಂತ ಹಿಂದಕ್ಕೆ ಬರಬೇಕು.

ಸರಿದೂಗಿಸೋದು ಅಂದ್ರೆ ಅಳಿಸೋದಲ್ಲ. ನಮ್ಮ ಊರಿನ ದಿನಸಿ ಅಂಗಡಿಯ ಖಾತೆ ಪುಸ್ತಕ ನೋಡಿದವರಿಗೆ ಇದು ಹೊಸದೇನಲ್ಲ. ತಪ್ಪಾಗಿ ಖರ್ಚು ಬರೆದರೆ ರಬ್ಬರಿನಿಂದ ಉಜ್ಜೋದಿಲ್ಲ, ಅಷ್ಟೇ ಮೊತ್ತವನ್ನು ಜಮಾ ಕಡೆ ಬರೆದು ಕಾರಣ ಹಾಕ್ತಾರೆ. ಎರಡೂ ಸಾಲು ಪುಸ್ತಕದಲ್ಲಿ ಉಳಿಯುತ್ತೆ. ನಡುವೆ ಒಂದಷ್ಟು ಹೊತ್ತು ಲೆಕ್ಕ ಓರೆಯಾಗಿದ್ದದ್ದು ನಿಜ, ಅದನ್ನು ಯಾರಾದರೂ ನೋಡಿರಲೂಬಹುದು. ಸಾಗಾ ಅದನ್ನು ಒಪ್ಪಿಕೊಳ್ಳುತ್ತೆ. ಎಲ್ಲ ಹೆಜ್ಜೆಗೂ ವಾಪಸ್ ಇಲ್ಲ ಅನ್ನೋದನ್ನೂ ಮರೆಯಬಾರದು. ಕಳಿಸಿದ ಎಸ್‌ಎಂಎಸ್ ಹಿಂದಕ್ಕೆ ಬರೋದಿಲ್ಲ, ಎಟಿಎಂನಿಂದ ಹೊರಬಂದ ನೋಟು ಒಳಗೆ ಹೋಗೋದಿಲ್ಲ. ಅಂಥ ಹೆಜ್ಜೆಗಳನ್ನು ಆದಷ್ಟು ಕೊನೆಗೆ ಇಡೋದು ಜಾಣತನ. ಸರಿದೂಗಿಸುವ ಹೆಜ್ಜೆಯೂ ನಡುವೆ ಕೈಕೊಡಬಹುದಾದ್ದರಿಂದ, ಅದನ್ನು ಮತ್ತೆ ಮತ್ತೆ ಮಾಡಿದರೂ ಒಂದೇ ಸಲ ಆದ ಹಾಗಿರಬೇಕು.

ಯುಪಿಐಯಲ್ಲಿ ಇದನ್ನು ನೇರವಾಗಿ ಕಾಣಬಹುದು. 2023ರಿಂದ ಬ್ರಿಟನ್, ಅಮೆರಿಕ, ಯುಎಇ, ಸಿಂಗಪುರ ಸೇರಿದಂತೆ ಹಲವು ದೇಶಗಳ ಮೊಬೈಲ್ ನಂಬರಿನಿಂದಲೂ ಎನ್‌ಆರ್‌ಐ ಖಾತೆಗಳಿಗೆ ಇದು ಸಿಗೋ ಹಾಗಾಗಿದೆ, ಹಾಗಾಗಿ ನಿಮ್ಮಲ್ಲಿ ಹಲವರು ಬಳಸ್ತಾ ಇರಬಹುದು. ನಿಮ್ಮ ಬ್ಯಾಂಕು ದುಡ್ಡು ಕಡಿತ ಮಾಡಿತು, ಆ ಕಡೆಯ ಬ್ಯಾಂಕಿನಿಂದ "ಜಮಾ ಆಯ್ತು" ಅನ್ನುವ ಉತ್ತರ ಬರಲಿಲ್ಲ. ಕಡಿತವಾಗಿದೆ, ಜಮಾ ಅನುಮಾನ. ಇದಕ್ಕೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ದುಡ್ಡು ಜಮಾ ಆಗದಿದ್ದರೆ ಮರುದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು. ಅಂಗಡಿಯವರಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ದೂರು ಕೊಡುವವರೆಗೆ ಕಾಯದೆ.

ನಮಗೆ ಈ ಸುತ್ತೋಲೆಯಲ್ಲಿ ಒಂದು ಸಾಗಾ ಕಾಣುತ್ತೆ. ಯಾವ ಹೆಜ್ಜೆ ಕೆಟ್ಟರೆ ಯಾರು, ಎಷ್ಟು ದಿನದಲ್ಲಿ, ಯಾವ ಕಡೆಗೆ ಸರಿದೂಗಿಸಬೇಕು ಅಂತ ಮೊದಲೇ ಬರೆದಿದೆ.

ಕಟ್ಟುವ ಮುಂಚೆ ಪರೀಕ್ಷೆ

ಇಷ್ಟೆಲ್ಲ ಹೆಜ್ಜೆ, ಮರುಹೆಜ್ಜೆ, ಮರುಪ್ರಯತ್ನ ಸೇರಿದಾಗ ಒಟ್ಟು ವ್ಯವಸ್ಥೆ ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಾ ಅಂತ ಕಾಗದದ ಮೇಲೇ ನೋಡೋಕೆ ಆಗುತ್ತಾ? ಆಗುತ್ತೆ. ಇದರ ಒಂದು ಬೇರು ಜರ್ಮನಿಯಲ್ಲಿದೆ. ಕಾರ್ಲ್ ಆಡಂ ಪೆಟ್ರಿ ತಮ್ಮ ಹದಿಮೂರನೆಯ ವಯಸ್ಸಿನಲ್ಲಿ, 1939ರಲ್ಲಿ, ರಾಸಾಯನಿಕ ಕ್ರಿಯೆಗಳನ್ನು ಬರೆದುಕೊಳ್ಳೋಕೆ ವೃತ್ತ, ಚೌಕ, ಬಾಣಗಳ ಒಂದು ಚಿತ್ರಪದ್ಧತಿ ಮಾಡಿಕೊಂಡರು ಅಂತ ಹೇಳ್ತಾರೆ. 1962ರ ಅವರ ಡಾಕ್ಟರೇಟ್ ಪ್ರಬಂಧದಿಂದ ಬೆಳೆದದ್ದು ಪೆಟ್ರಿ ಜಾಲ. ವೃತ್ತದಲ್ಲಿ ಟೋಕನ್ ಇರುತ್ತೆ. ಚೌಕಕ್ಕೆ ಬರುವ ಎಲ್ಲ ವೃತ್ತಗಳಲ್ಲೂ ಟೋಕನ್ ಇದ್ದರೆ ಆ ಹೆಜ್ಜೆ ನಡೆಯುತ್ತೆ, ಟೋಕನ್ ಖರ್ಚಾಗಿ ಮುಂದಿನ ವೃತ್ತದಲ್ಲಿ ಹೊಸದು ಹುಟ್ಟುತ್ತೆ. ಎಂಸಿಎಂ ಬಳೆಯ ಕಥೆ ಕೇಳಿದ ಮೇಲೆ ಇದು ಪರಿಚಿತ ಅನ್ನಿಸಬೇಕು. ಜೀವಶಾಸ್ತ್ರಜ್ಞರು ಕೂಡ 1990ರ ದಶಕದಿಂದ ಕೋಶದ ರಾಸಾಯನಿಕ ದಾರಿಗಳನ್ನು ಇದೇ ಜಾಲದಲ್ಲಿ ಬರೀತಾ ಬಂದಿದ್ದಾರೆ.

ಅದೇ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಲ್ ವಾನ್ ಡರ್ ಆಲ್ಸ್ಟ್ ಇದನ್ನು ಕಚೇರಿಯ ವ್ಯವಹಾರಗಳಿಗೆ ತಂದರು. ಒಂದು ವ್ಯವಹಾರದ ಚಿತ್ರ ಸರಿಯಾಗಿದೆ ಅನ್ನೋಕೆ ಮೂರು ಪರೀಕ್ಷೆ. ಎಲ್ಲಿ ನಿಂತಿದ್ದರೂ ಅಲ್ಲಿಂದ ಕೊನೆ ಮುಟ್ಟೋಕೆ ಒಂದು ದಾರಿ ಇರಬೇಕು. ಕೊನೆ ಮುಟ್ಟಿದಾಗ ನಡುವೆ ಎಲ್ಲೂ ಟೋಕನ್ ಉಳಿದಿರಬಾರದು, ಅಂದ್ರೆ ಕೆಲಸ ಮುಗಿಯಿತು ಅಂದಮೇಲೆ ಯಾವುದೋ ಮೂಲೆಯಲ್ಲಿ ಅರ್ಧ ಕೆಲಸ ನೇತಾಡುತ್ತಿರಬಾರದು. ಎಂದೂ ನಡೆಯಲಾರದ ಹೆಜ್ಜೆ ಚಿತ್ರದಲ್ಲಿ ಇರಬಾರದು. ಕೇಳೋಕೆ ಸುಲಭ. ಆದರೆ ಎಷ್ಟೋ ಅರ್ಜಿಗಳು ವರ್ಷಗಟ್ಟಲೆ "ಪರಿಶೀಲನೆಯಲ್ಲಿದೆ" ಅಂತ ಕೂರೋದು ಮೊದಲನೆಯ ಪರೀಕ್ಷೆಯಲ್ಲಿ ಫೇಲಾದ ವ್ಯವಸ್ಥೆಗಳಲ್ಲೇ.

ಕೈಯಲ್ಲಿ ಇದನ್ನೆಲ್ಲ ನೋಡಿ ಮುಗಿಸೋಕಾಗಲ್ಲ, ಕಂಪ್ಯೂಟರಿಗೇ ಬಿಡಬೇಕು. ಅಮೆಜಾನ್‌ನ ಎಂಜಿನಿಯರುಗಳು 2015ರಲ್ಲಿ ಬರೆದ ಲೇಖನವೊಂದರಲ್ಲಿ, ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್ ಅನ್ನುವ ಭಾಷೆಯಲ್ಲಿ ತಮ್ಮ ಡೈನಮೋಡಿಬಿ ಡೇಟಾಬೇಸ್‌ನ ವಿನ್ಯಾಸವನ್ನು ಬರೆದು ಪರೀಕ್ಷಿಸಿದಾಗ ಸಿಕ್ಕ ಒಂದು ದೋಷದ ಬಗ್ಗೆ ಹೇಳಿದ್ದಾರೆ. ಅದು ಕಾಣಿಸಿಕೊಳ್ಳೋಕೆ ಕಡಿಮೆ ಅಂದ್ರೂ 35 ಘಟನೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ನಡೀಬೇಕಿತ್ತು. ಯಾವ ಮನುಷ್ಯ ಕೂತು ಅಂಥದ್ದನ್ನು ಊಹಿಸ್ತಾನೆ? ಆದರೆ ಸಾವಿರ ಕೋಟಿ ವಹಿವಾಟು ನಡೆಯುವ ಕಡೆ ಅಂಥದ್ದೂ ಒಂದು ದಿನ ನಡೆದೇ ನಡೆಯುತ್ತೆ.

ಅನುಮಾನದ ಭಾರ ಯಾರ ಮೇಲೆ?

ಈಗ ಬಾಕಿ ಇಟ್ಟ ಮಾತಿಗೆ ಬರೋಣ. ಎಲ್ಲ ಎಚ್ಚರ ವಹಿಸಿದ ಮೇಲೂ ಒಂದಿಷ್ಟು ವ್ಯವಹಾರ ಅನುಮಾನದಲ್ಲೇ ಉಳಿಯುತ್ತೆ ಅಂತ ನೋಡಿದ್ವಿ. ಅದಕ್ಕೇ ದಿನದ ಕೊನೆಗೆ ಎರಡು ಕಡೆಯ ಪುಸ್ತಕ ಇಟ್ಟು ತಾಳೆ ನೋಡಬೇಕು. ತಾಳೆ ಆಗದಿದ್ದಾಗ ಯಾರನ್ನು ನಂಬೋದು?

ಬ್ರಿಟನ್ನಿನಲ್ಲಿ ಕಂಪ್ಯೂಟರನ್ನು ನಂಬಿದರು. ಶಾಖೆಯಲ್ಲಿ ಲೆಕ್ಕಕ್ಕೆ ಕಮ್ಮಿ ಬಿದ್ದರೆ ಶಾಖೆ ನಡೆಸುವವರೇ ಕೈಯಿಂದ ತುಂಬಬೇಕು ಅಂತ ಪೋಸ್ಟ್ ಆಫೀಸ್ ಪಟ್ಟು ಹಿಡಿಯಿತು. ಅವರ ಕೈಯಲ್ಲಿ ಒಳಗಿನ ದಾಖಲೆ ಇರಲಿಲ್ಲ, ಪ್ರತಿ ಸಂದೇಶದ ಜಾಡು ಹಿಡಿಯುವ ದಾರಿ ಇರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಜನರಿಗೆ "ಈ ತೊಂದರೆ ನಿಮಗೊಬ್ಬರಿಗೇ" ಅಂತ ಹೇಳಲಾಗಿತ್ತು. ಕಾನೂನು ಕೂಡ ಅದೇ ಕಡೆ ವಾಲಿತ್ತು. ಕಂಪ್ಯೂಟರ್ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕೆನ್ನುವ ನಿಯಮವೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇತ್ತು. 1999ರ ಕಾಯ್ದೆ ಅದನ್ನು ತೆಗೆದುಹಾಕಿತು. ಆಮೇಲೆ ಕಂಪ್ಯೂಟರ್ ಸರಿ ಇದೆ ಅಂತಲೇ ಭಾವಿಸಿ, ತಪ್ಪಿದೆ ಅನ್ನುವವರು ತೋರಿಸಬೇಕಾಯಿತು.

ಭಾರತ ಮೂಲದ ಸೀಮಾ ಮಿಶ್ರಾ ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಶಾಖೆ ನಡೆಸುತ್ತಿದ್ದರು. 74,000 ಪೌಂಡ್ ಕಮ್ಮಿ ಬಂತು ಅಂತ ಅವರ ಮೇಲೆ ಆರೋಪ. 2010ರ ನವೆಂಬರ್‌ನಲ್ಲಿ, ಎಂಟು ವಾರದ ಬಸುರಿಯಾಗಿದ್ದಾಗ, ಅವರಿಗೆ 15 ತಿಂಗಳ ಜೈಲು ಶಿಕ್ಷೆಯಾಯಿತು. ಆ ದಿನ ಅವರ ದೊಡ್ಡ ಮಗನ ಹತ್ತನೆಯ ಹುಟ್ಟುಹಬ್ಬ. 1999ರಿಂದ 2015ರವರೆಗೆ ಹೀಗೆ ಶಿಕ್ಷೆಗೊಳಗಾದವರು 900ಕ್ಕೂ ಹೆಚ್ಚು. ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಜನ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಫ್ರೇಸರ್ ಹೊರೈಜನ್‌ನ ದೋಷಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಪು ಕೊಟ್ಟರು. ಡಾಲ್ಮೆಲ್ಲಿಂಗ್ಟನ್ ದೋಷವೂ ಆ ಪಟ್ಟಿಯಲ್ಲಿದೆ. 2021ರ ಏಪ್ರಿಲ್ 23ರಂದು ಸೀಮಾ ಸೇರಿ 39 ಜನರ ಶಿಕ್ಷೆ ರದ್ದಾಯಿತು. 2024ರಲ್ಲಿ ಉಳಿದವರಿಗಾಗಿ ಸಂಸತ್ತು ಕಾಯ್ದೆಯನ್ನೇ ತಂದಿತು.

ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ಎಲ್ಲ ಸಲ ಚಾಚೂ ತಪ್ಪದೆ ನಡೆಯುತ್ತೆ ಅಂತ ನಾವು ಹೇಳ್ತಾ ಇಲ್ಲ. ಆದರೆ ಅನುಮಾನ ಬಂದಾಗ ಭಾರ ಸಂಸ್ಥೆಯ ಮೇಲೆ, ಗಡುವು ಸಂಸ್ಥೆಗೆ, ದಂಡವೂ ಸಂಸ್ಥೆಗೆ ಅಂತ ಬರೆದಿದೆ. ಹೊರೈಜನ್‌ನಲ್ಲಿ ಭಾರ ಬಿದ್ದದ್ದು ದಾಖಲೆ ನೋಡುವ ಅಧಿಕಾರವೇ ಇಲ್ಲದವರ ಮೇಲೆ. ಇಬ್ಬರು ಸೇನಾಪತಿಗಳ ಕಥೆಯಿಂದ ನಮಗೆ ಗೊತ್ತು, ಅನುಮಾನ ಪೂರ್ತಿ ಹೋಗೋದಿಲ್ಲ. ಹಾಗಾದಮೇಲೆ ಅದನ್ನು ಯಾರು ಹೊರಬೇಕು ಅನ್ನೋದು ಸಾಫ್ಟ್‌ವೇರ್ ವಿನ್ಯಾಸದ ಹೊರಗಿನ ವಿಷಯ ಅಲ್ಲ. ವಿನ್ಯಾಸದ ಮೊದಲ ಪುಟದಲ್ಲೇ ಬರೀಬೇಕಾದ್ದು ಅದು.

ಕೊನೆಗೆ, ನಮಗೆ ನಿಮಗೆ ಕೆಲಸಕ್ಕೆ ಬರುವ ಎರಡು ಮಾತು. ದುಡ್ಡು ಕಳಿಸುವಾಗ ಪರದೆ ನಿಂತುಹೋದರೆ ಮತ್ತೆ ಒತ್ತಬೇಡಿ. ಮೊದಲು ಖಾತೆಯ ವಿವರ ನೋಡಿ, ಯುಪಿಐ ಆದರೆ ಹನ್ನೆರಡು ಅಂಕಿಯ ವಹಿವಾಟು ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಇದ್ದರೆ ಬ್ಯಾಂಕಿನವರ ಜೊತೆ ಮಾತು ಅರ್ಧ ಮುಗಿದ ಹಾಗೆ. ಇನ್ನು ನಮ್ಮ ಕೇಳುಗರಲ್ಲಿ ಇಂಥ ಸಾಫ್ಟ್‌ವೇರ್ ಬರೆಯುವವರು ತುಂಬ ಜನ ಇದ್ದೀರಿ ಅಂತ ನಿಮ್ಮ ಪತ್ರಗಳಿಂದ ಗೊತ್ತು. ನಿಮ್ಮ ಕೆಲಸದ ಕಡೆ ಒಂದು ಪ್ರಶ್ನೆ ಕೇಳಿ ನೋಡಿ: ಇದೇ ಕೋರಿಕೆ ಎರಡನೇ ಸಲ ಬಂದರೆ ಏನಾಗುತ್ತೆ, ಮತ್ತು ಲೆಕ್ಕ ತಾಳೆ ಆಗದಿದ್ದರೆ ಯಾರ ಜೇಬಿನಿಂದ ಹೋಗುತ್ತೆ? ಸಿಕ್ಕ ಉತ್ತರ ನಮಗೂ ಬರೆದು ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಕೋಶದ ಒಳಗೆ ಹೋಗ್ತೀವಿ, ಡಿಎನ್‌ಎ ನಕಲು ಮಾಡುವಾಗ ಅಕ್ಷರ ತಪ್ಪಿದರೆ ಅದನ್ನು ತಿದ್ದೋರು ಯಾರು ಅಂತ ನೋಡೋಕೆ.